ಒಬ್ಬಳೇ ಹೋಗಿ ಬಂದ ಹನ್ನೊಂದು ಜನ

ಇಂಥದ್ದೆಲ್ಲ ನನಗೇ ಯಾಕೆ ಆಗುತ್ತೆ ಅಂತ ಕೇಳೋದನ್ನ ನಾನು ಬಿಟ್ಟು ಬಹಳ ದಿನ ಆಯ್ತು. ಬೇರೆಯವರು ಬಸ್ಸು ಹತ್ತಿದರೆ ಊರು ಸೇರ್ತಾರೆ, ನಾನು ಹತ್ತಿದರೆ ಡ್ರೈವರಿಗೆ ಹಲ್ಲುನೋವು ಬರುತ್ತೆ. ದಾವಣಗೆರೆಯಲ್ಲಿದ್ದಾಗಲೂ ಹೀಗೇ ಇತ್ತು. ಸಿಂಗಪುರಕ್ಕೆ ಓದೋಕೆ ಹೋದರೆ ಸರಿಹೋಗುತ್ತೆ ಅಂದುಕೊಂಡೆ, ಅಲ್ಲಿ ಎಲ್ಲಾ ಟೈಮಿಗೆ ಸರಿಯಾಗಿ ನಡೆಯುತ್ತಲ್ಲ ಅಂತ. ಬಂದ ಮೇಲೆ ನನ್ನ ಗ್ರಹಚಾರವೂ ಟೈಮಿಗೆ ಸರಿಯಾಗಿ ಬರೋಕೆ ಶುರುವಾಯ್ತು. ಅದರಲ್ಲಿ ಒಂದೇ ಒಂದು ದಿನದ್ದು, ಒಂದು ಸಣ್ಣ ಊರಿಗೆ ಹೋಗಿ ಬಂದ ದಿನದ್ದು, ಇಲ್ಲಿ ಹೇಳ್ತೀನಿ. ಆ ಊರಿನ ಹೆಸರು ಮಾತ್ರ ಹೇಳಲ್ಲ. ಅವರಿಗೆ ನಾವು ಮಾಡಿದ್ದೇ ಸಾಕು.

೧. ಮೂರು ರೂಲು, ಒಂದು ಫೋನು

ನಾನು ಇಲ್ಲಿ ಓದೋದು ಟೌನ್ ಪ್ಲಾನಿಂಗು, ಸ್ಕಾಲರ್‌ಶಿಪ್ ಮೇಲೆ. ಇರೋದು ಬೂನ್ ಲೇ ಅನ್ನೋ ಕಡೆ, ಬೆಂಗಳೂರಿನ ಒಬ್ಬರು ಆಂಟಿ ಮನೆಯ ಒಂದು ರೂಮಿನಲ್ಲಿ. ಅಂಕಲ್ ಜುರಾಂಗ್ ಐಲ್ಯಾಂಡಿನ ಒಂದು ಪ್ಲಾಂಟಿನಲ್ಲಿ ಸೇಫ್ಟಿ ಆಫೀಸರ್. ಇಬ್ಬರೂ ನನ್ನನ್ನ ಮಗಳ ಹಾಗೆ ನೋಡ್ಕೋತಾರೆ. ನನ್ನ ಕಷ್ಟ ಶುರುವಾಗೋದೇ ಅಲ್ಲಿಂದ.

ನಮ್ಮ ಪ್ರೊಫೆಸರ್ ಮೆಕ್ಸಿಕೋದವರು. ಅವರು ವಿದ್ಯಾರ್ಥಿಯಾಗಿದ್ದಾಗ ಅವರ ಮೇಷ್ಟ್ರು ಅವರನ್ನ ಒಂದು ದಿನದ ಮಟ್ಟಿಗೆ ಒಂದು ಸಣ್ಣ ಊರಿಗೆ ಕಳಿಸಿದ್ದರಂತೆ. ಇವರು ಚರ್ಚಿನ ಎದುರಿನ ಬೆಂಚಿನ ಮೇಲೆ ಏಳು ಗಂಟೆ ಹೊತ್ತು ಸುಮ್ಮನೆ ಕೂತಿದ್ದರಂತೆ. ನೆರಳು ಸರಿದ ಹಾಗೆ ಜನ ಹೇಗೆ ಸರೀತಾರೆ, ಶೂ ಪಾಲಿಶ್ ಮಾಡೋನು ಯಾವಾಗ ಬರ್ತಾನೆ, ಯಾವ ಅಜ್ಜಿ ಯಾರ ಪಕ್ಕ ಕೂರಲ್ಲ, ಎಲ್ಲ ನೋಡಿ, ಸಂಜೆ ಹೊತ್ತಿಗೆ ಆ ಊರು ಪೂರ್ತಿ ಅರ್ಥವಾಯ್ತಂತೆ. ಈ ಕಥೆಯನ್ನ ಅವರು ಕ್ಲಾಸಿನಲ್ಲಿ ಐದು ಸಲ ಹೇಳಿದ್ದಾರೆ. ಐದು ಸಲವೂ ಅವರ ಕಣ್ಣು ಒದ್ದೆಯಾಗಿದೆ.

ನಮಗೂ ಅದೇ ಕೆಲಸ ಕೊಟ್ಟರು. ಬೋರ್ಡಿನ ಮೇಲೆ ಮೂರು ರೂಲು ಬರೆದರು. ಒಬ್ಬರೇ ಹೋಗಬೇಕು. ಒಂದೇ ಕಡೆ ಏಳು ಗಂಟೆ ಕೂರಬೇಕು. ಅಲ್ಲಿ ಏನನ್ನೂ ಬದಲಾಯಿಸಬಾರದು.

ಮೊದಲ ಸಲ ನಾನು ಸೋಮಾರಿತನ ಮಾಡಿ ಇಲ್ಲೇ ಸಿಂಗಪುರದ ಕಲ್ಲಾಂಗ್ ಏರಿಯಾದಲ್ಲಿ ಎರಡು ಗಂಟೆ ಕೂತು, ಮಿಕ್ಕಿದ್ದನ್ನ ರೂಮಿನಲ್ಲಿ ಕೂತು ಬರೆದುಬಿಟ್ಟಿದ್ದೆ. ಅವರು ಕೆಂಪು ಶಾಯಿಯಲ್ಲಿ, "ಇದು ನೀನು ಯೋಚಿಸಿದ್ದು. ನೋಡಿದ್ದು ಎಲ್ಲಿ?" ಅಂತ ಬರೆದು ಫೇಲ್ ಮಾಡಿದರು. ಎರಡನೇ ಸಲವೂ ಫೇಲ್ ಆದರೆ ಸ್ಕಾಲರ್‌ಶಿಪ್ ಹೋಗುತ್ತೆ. ಸ್ಕಾಲರ್‌ಶಿಪ್ ಹೋದರೆ ಗಂಟುಮೂಟೆ ಕಟ್ಟಿಕೊಂಡು ದಾವಣಗೆರೆ. ನಾನು ಇಲ್ಲಿಗೆ ಬರೋಕೆ ಮನೆಯಲ್ಲಿ ಎರಡು ವರ್ಷ ಜಗಳ ಆಡಿದ್ದೀನಿ. ಯಾವ ಮುಖ ಇಟ್ಕೊಂಡು ವಾಪಸ್ ಹೋಗಲಿ?

ಅದಕ್ಕೇ ಈ ಸಲ ಗಟ್ಟಿ ಮನಸ್ಸು ಮಾಡಿ, ಗಡಿಯಾಚೆ ಮಲೇಷ್ಯಾದಲ್ಲಿ ಎರಡು ಗಂಟೆ ದಾರಿಯ ಒಂದು ಸಣ್ಣ ಊರು ಆರಿಸಿಕೊಂಡೆ. ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಅಮ್ಮ, "ಸರಿ ಕಣೇ, ಹುಷಾರಾಗಿ ಹೋಗಿ ಬಾ" ಅಂದಳು. ಅಷ್ಟು ಬೇಗ ಒಪ್ಪಿಕೊಂಡಾಗಲೇ ನನಗೆ ಅನುಮಾನ ಬರಬೇಕಿತ್ತು. ಎರಡು ನಿಮಿಷಕ್ಕೆ ಅಡುಗೆಮನೆಯಲ್ಲಿ ಆಂಟಿ ಫೋನು ಹೊಡ್ಕೊಂಡಿತು. "ಅಯ್ಯೋ, ನೀವು ಯೋಚನೇನೇ ಮಾಡ್ಬೇಡಿ. ಹೆಣ್ಣುಮಗು, ಬೇರೆ ದೇಶ, ಒಬ್ಬಳನ್ನೇ ಕಳಿಸ್ತೀವಾ ನಾವು?"

ಆಂಟಿ, ಅಂಕಲ್ ಬರೋದು ಅಂತ ಆಯ್ತು. ಆಂಟಿ ಗೆಳತಿ ಕಲ್ಲಾಂಗ್ ಆಂಟಿಗೆ ಗೊತ್ತಾಯ್ತು. ಅವರು, ಅವರ ಗಂಡ, ಮಗಳು. ಮೈಸೂರಿಂದ ಬಂದಿದ್ದ ಅವರ ಅತ್ತೆ ಮಾವ, "ಪಾಪ, ಮಾಲ್ ಬಿಟ್ಟು ಏನೂ ನೋಡಿಲ್ಲ" ಅಂತ. ಅವರ ಪಕ್ಕದ ಬ್ಲಾಕಿನ ಮನೆಯವರು ಮೂರು ಜನ. ಬುಧವಾರ ವ್ಯಾನ್ ಬುಕ್ ಆಯ್ತು, ಗುರುವಾರ ಪುಳಿಯೋಗರೆ ಗೊಜ್ಜು ಆಯ್ತು.

"ಆಂಟಿ, ಒಬ್ಬಳೇ ಹೋಗ್ಬೇಕು ಅಂತ ರೂಲು" ಅಂತ ನಾನು ಹೆಚ್ಚುಕಮ್ಮಿ ಅತ್ತೇ ಬಿಟ್ಟೆ.

"ನೀನು ಒಬ್ಬಳೇ ಹೋಗು ಕಣೇ, ಯಾರು ಬೇಡ ಅಂದ್ರು? ನಾವು ಜೊತೇಲಿ ಬರ್ತೀವಿ, ಅಷ್ಟೆ."

೨. ಆಗಲೇ ಹೊರಟ ಚೀಲ

ವ್ಯಾನು ಒಂಬತ್ತೂವರೆಗೆ. ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ. ಬೇರೆ ಯಾರಿಗಾದರೂ ಇದು ಎರಡು ಬೇರೆ ಬೇರೆ ವಿಷಯ. ನಮ್ಮ ಆಂಟಿಗೆ ಒಂದೇ.

ಆದರೆ ಆಂಟಿ ಹತ್ತಿರ ಎಲ್ಲದಕ್ಕೂ ಉಪಾಯ ಇರುತ್ತೆ. ಒಳ್ಳೇ ಹೊತ್ತಿನಲ್ಲಿ ಒಂದು ಚೀಲವನ್ನ ಮನೆಯಿಂದಾಚೆ ಇಟ್ಟುಬಿಟ್ಟರೆ ಪ್ರಯಾಣ ಹೊರಟ ಲೆಕ್ಕವೇ, ಆಮೇಲೆ ಯಾವಾಗ ಹೋದರೂ ದೋಷ ಇಲ್ಲ. ನಮ್ಮಜ್ಜಿಯೂ ಹೀಗೇ ಮಾಡ್ತಿದ್ದರು, ಪಕ್ಕದ ಮನೆ ಜಗಲಿ ಮೇಲೆ ಚೀಲ ಇಟ್ಟು ಬರ್ತಿದ್ದರು. ನಮ್ಮದು ಹನ್ನೊಂದನೇ ಮಹಡಿ, ಜಗಲಿ ಎಲ್ಲಿಂದ ತರೋಣ? ಆಂಟಿ ಎಂಟೂವರೆಗೆ ಲಿಫ್ಟಿನಲ್ಲಿ ಕೆಳಗೆ ಹೋಗಿ, ಬಿಲ್ಡಿಂಗಿನ ಕೆಳಗೆ ಖಾಲಿ ಬಿಟ್ಟಿರೋ ವಾಯ್ಡ್ ಡೆಕ್ಕಿನ ಕಂಬದ ಪಕ್ಕ ಒಂದು ಚೀಲ ಇಟ್ಟು, ಕೈ ಮುಗಿದು, ಮೇಲೆ ಬಂದು ನೆಮ್ಮದಿಯಾಗಿ ಕಾಫಿ ಕುಡಿದರು.

ಅದು ನನ್ನ ಚೀಲ. ನಾನು ಸ್ನಾನ ಮಾಡ್ತಿದ್ದೆ.

ಒಂಬತ್ತೂ ಕಾಲಿಗೆ ಕೆಳಗೆ ಇಳಿದು ನೋಡ್ತೀನಿ, ಕಂಬದ ಸುತ್ತ ಜನ ದೂರ ದೂರ ನಿಂತಿದ್ದಾರೆ. ಇಬ್ಬರು ಪೊಲೀಸರು. ಎರಡನೇ ಮಹಡಿಯ ಚೀನೀ ಅಜ್ಜಿ ಬೆರಳು ತೋರಿಸಿಕೊಂಡು ಏನೋ ಹೇಳ್ತಿದ್ದಾರೆ. ಸಿಂಗಪುರದಲ್ಲಿ ದಿಕ್ಕಿಲ್ಲದ ಚೀಲ ಕಂಡರೆ ಫೋನ್ ಮಾಡಿ ಅಂತ ಎಂಆರ್‌ಟಿ ರೈಲಿನಲ್ಲಿ ದಿನಾ ಹೇಳ್ತಾರಲ್ಲ, ಅಜ್ಜಿ ಫೋನ್ ಮಾಡಿದ್ದರು. ತಪ್ಪೇನಿಲ್ಲ, ನಾನಾಗಿದ್ದರೂ ಮಾಡ್ತಿದ್ದೆ.

"ಯಾರದಿದು?" ಅಂತ ಪೊಲೀಸ್.

"ನನ್ನದು" ಅಂದೆ. ಸ್ಕಾಲರ್‌ಶಿಪ್ ಹೋಗಲಿ, ವೀಸಾನೇ ಹೋಯ್ತಲ್ಲಪ್ಪಾ ಅಂದುಕೊಂಡೆ.

"ಇಲ್ಲಿ ಯಾಕೆ ಬಿಟ್ಟು ಹೋಗಿದ್ದೀರ?"

ನಾನು ಬಾಯಿ ತೆಗೆಯೋ ಮೊದಲೇ ಹಿಂದಿನಿಂದ ಆಂಟಿ ಬಂದರು. ಹದಿನೆಂಟು ವರ್ಷದಿಂದ ಸಿಂಗಪುರದಲ್ಲಿ ಇರೋರು, ಯಾರಿಗೂ ಹೆದರೋರಲ್ಲ. ಚೊಕ್ಕ ಇಂಗ್ಲಿಷಿನಲ್ಲಿ ಹೇಳಿದರು: "ಆಫೀಸರ್, ಈ ಬ್ಯಾಗ್ ಇಲ್ಲಿ ಇಲ್ಲವೇ ಇಲ್ಲ. ಇದು ಎಂಟೂವರೆಗೇ ಮಲೇಷ್ಯಾಗೆ ಹೊರಟುಹೋಗಿದೆ."

ಚೀಲ ತೆಗೆಸಿದರು. ನೋಟ್‌ಬುಕ್ಕು, ಪೆನ್ಸಿಲ್ಲು, ಕೊಡೆ, ಎಲ್ಲಕ್ಕಿಂತ ಮೇಲೆ ಆಂಟಿ ಇಟ್ಟಿದ್ದ ಅರಿಶಿನ ಕುಂಕುಮದ ಪೊಟ್ಟಣ, ಒಂದು ತೆಂಗಿನಕಾಯಿ. ಕಾಯಿಯನ್ನ ಆ ಪೊಲೀಸ್ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದ. ಕೊನೆಗೆ ನನ್ನ ಹೆಸರು ಬರೆದುಕೊಂಡು, ಇನ್ನೊಮ್ಮೆ ಹೀಗೆ ಮಾಡಬೇಡಿ ಅಂತ ಬಿಟ್ಟುಬಿಟ್ಟ.

ವ್ಯಾನು ಹತ್ತುವಾಗ ಆಂಟಿ ನನ್ನ ಭುಜ ತಟ್ಟಿದರು. "ನೋಡಿದ್ಯಾ? ಹೊತ್ತು ನೋಡಿ ಹೊರಟಿದ್ದಕ್ಕೇ ಇಷ್ಟರಲ್ಲಿ ಹೋಯ್ತು."

೩. ಲೀಡರ್ ಯಾರು?

ಗಡಿಯಲ್ಲಿ ಎಲ್ಲರೂ ಇಳಿದು ಸಾಲಿನಲ್ಲಿ ನಿಲ್ಲಬೇಕು. ನಾನು ಬೇಕಂತಲೇ ಒಂದಿಷ್ಟು ದೂರ ನಿಂತೆ, ಇವರು ಯಾರೋ ನನಗೆ ಗೊತ್ತೇ ಇಲ್ಲ ಅನ್ನೋ ಹಾಗೆ. ಒಬ್ಬಳೇ ಹೋದ ಹಾಗೆ ಒಂದು ಹತ್ತು ನಿಮಿಷವಾದರೂ ಇರಲಿ ಅಂತ ನನ್ನ ಆಸೆ.

ಮಲೇಷ್ಯಾ ಕಡೆಯ ಆಫೀಸರು ಆಂಟಿಯನ್ನ, "ಯಾಕೆ ಬಂದಿದ್ದೀರಿ?" ಅಂತ ಕೇಳಿದರು. ಆಂಟಿ, "ಓದೋಕೆ" ಅಂದರು. ಪಕ್ಕದ ಕೌಂಟರಿನಲ್ಲಿ ಕಲ್ಲಾಂಗ್ ಆಂಟಿ "ಪಿಕ್ನಿಕ್" ಅಂದರು. ಅವರ ಮಾವ "ದೇವಸ್ಥಾನ" ಅಂದರು. ಯಾವ ದೇವಸ್ಥಾನ ಅಂತ ಕೇಳಿದ್ದಕ್ಕೆ, "ಹೋದ ಕಡೆ ಇರ್ತದಲ್ಲ" ಅಂದರು. ನಮ್ಮ ಅಂಕಲ್ ಅಭ್ಯಾಸಬಲದಿಂದ "ಇನ್‌ಸ್ಪೆಕ್ಷನ್" ಅಂದುಬಿಟ್ಟರು.

ಒಂದೇ ವ್ಯಾನು, ನಾಲ್ಕು ಉತ್ತರ. ಎಲ್ಲರನ್ನೂ ಪಕ್ಕಕ್ಕೆ ನಿಲ್ಲಿಸಿದರು. ದೊಡ್ಡ ಆಫೀಸರು ಬಂದು, ಸಾಲಾಗಿ ಇಟ್ಟಿದ್ದ ಏಳು ಸ್ಟೀಲ್ ಡಬ್ಬ ನೋಡಿ, ಮೊಸರನ್ನದ ಪಾತ್ರೆಯ ಮುಚ್ಚಳ ತೆಗೆಸಿ ನೋಡಿ, ನಿಟ್ಟುಸಿರು ಬಿಟ್ಟು ಕೇಳಿದರು: "ನಿಮ್ಮ ಲೀಡರ್ ಯಾರು?"

ಬೇರೆ ಯಾವ ವಿಷಯಕ್ಕೂ ಒಮ್ಮತ ಆಗದ ಹತ್ತು ಜನ ಒಟ್ಟಿಗೆ ಕೈ ಎತ್ತಿ, ದೂರದಲ್ಲಿ ಗೋಡೆ ನೋಡ್ಕೊಂಡು ನಿಂತಿದ್ದ ನನ್ನನ್ನ ತೋರಿಸಿದರು.

ಆ ಆಫೀಸರು ಪಾಸ್‌ಪೋರ್ಟು ವಾಪಸ್ ಕೊಡುವಾಗ ನನಗೆ ಮಾತ್ರ ಕೇಳೋ ಹಾಗೆ, "ಗುಡ್ ಲಕ್ ಆ" ಅಂದರು. ಆ ದಿನ ನನ್ನ ಕಷ್ಟ ಅರ್ಥ ಮಾಡಿಕೊಂಡ ಒಬ್ಬರೇ ಒಬ್ಬರು ಅಂದರೆ ಅವರು.

೪. ಉಲ್ಟಾ ತಿರುಗಿದ ಊರು

ಮುಟ್ಟಿದ್ದು ಒಂದೂವರೆಗೆ. ಏಳು ಗಂಟೆಯ ಮಾತು ಅಲ್ಲಿಗೇ ಮುಗೀತು.

ಆದರೂ ಊರು ನೋಡಿದ ಕೂಡಲೇ ಜೀವ ಬಂತು. ನಡುವೆ ಒಂದು ಗಡಿಯಾರದ ಕಂಬ, ಸುತ್ತ ಎರಡು ಸಾಲು ಹಳೇ ಅಂಗಡಿ, ಒಂದು ದೊಡ್ಡ ಮರ, ಮರದ ಕೆಳಗೆ ಒಂದು ಸಿಮೆಂಟ್ ಬೆಂಚು. ಪ್ರೊಫೆಸರ್ ಹೇಳಿದ ಮೆಕ್ಸಿಕೋದ ಊರೇ ಎದ್ದು ಬಂದು ನಿಂತ ಹಾಗಿತ್ತು. ಬೆಂಚೂ ಖಾಲಿ. ಓಡಿಹೋಗಿ ಕೂತೆ. ನೋಟ್‌ಬುಕ್ ತೆಗೆದು ದಿನಾಂಕ ಬರೆದೆ.

"ಏನೇ, ಇಲ್ಲಿ ಟಾಯ್ಲೆಟ್ ಎಲ್ಲಿದೆ?" ಅಂತ ಕಲ್ಲಾಂಗ್ ಆಂಟಿ.

"ನನಗೇನು ಗೊತ್ತು ಆಂಟಿ? ನಾನೂ ಈಗ ತಾನೇ ಬಂದೆ."

"ಊರು ಸೆಲೆಕ್ಟ್ ಮಾಡಿದ್ದು ನೀನಲ್ವಾ?"

ಎದ್ದು ಹೋಗಿ ಹುಡುಕಿ, ಮಾರ್ಕೆಟ್ಟಿನ ಹಿಂದೆ ಇದೆ ಅಂತ ಗೊತ್ತುಮಾಡಿಕೊಂಡು ಬಂದು ತೋರಿಸಿದೆ. ಕೂತೆ. ಅವರ ಅತ್ತೆಗೆ ತೋರಿಸಬೇಕಾಯ್ತು. ಕೂತೆ. ಮಾವನಿಗೆ ತೋರಿಸಬೇಕಾಯ್ತು. ಎಲ್ಲರನ್ನೂ ಒಟ್ಟಿಗೆ ಬನ್ನಿ ಅಂದರೆ, "ಈಗ ಬಂದಿಲ್ವಲ್ಲ, ಹೇಗೆ ಬರೋದು?" ಅಂತಾರೆ. ಎರಡೂವರೆ ಹೊತ್ತಿಗೆ ಆ ಊರಿನ ಟಾಯ್ಲೆಟ್ಟಿನ ದಾರಿ ಒಂದು ಬಿಟ್ಟು ನನಗೆ ಬೇರೇನೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ಅಂಕಲ್ ಚರಂಡಿ ನೋಡಿದರು. ರಸ್ತೆ ಬದಿಯ ಚರಂಡಿಯ ಒಂದು ಚಪ್ಪಡಿ ಒಂದು ಗೇಣಿನಷ್ಟು ಸರಿದಿತ್ತು. ಯಾವ ಕಾಲದಿಂದ ಹಾಗಿತ್ತೋ, ಊರಿನವರು ದಾಟಿಕೊಂಡು ಓಡಾಡ್ತಾನೇ ಇದ್ದರು. ಆದರೆ ಇಪ್ಪತ್ತು ವರ್ಷ ಬರೀ ಅಪಾಯವನ್ನೇ ಹುಡುಕಿಕೊಂಡು ಸಂಬಳ ತಗೊಂಡ ಮನುಷ್ಯನಿಗೆ ಶನಿವಾರ ಅಂತ ಕಣ್ಣು ಮುಚ್ಚೋಕಾಗುತ್ತಾ? ಟೀ ಅಂಗಡಿಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಚಪ್ಪಡಿ ಮುಂದೆ ಇಟ್ಟರು. ಅದಕ್ಕೆ ತಮ್ಮ ಕೆಂಪು ಟವಲ್ ಕಟ್ಟಿದರು. ಪಕ್ಕದಲ್ಲಿ ಕೈ ಕಟ್ಟಿಕೊಂಡು ನಿಂತರು.

"ಅಂಕಲ್, ದಯವಿಟ್ಟು ತೆಗೀರಿ. ಇಲ್ಲಿ ಏನೂ ಬದಲಾಯಿಸಬಾರದು ಅಂತ ರೂಲು."

"ಯಾರಾದ್ರೂ ಬಿದ್ರೆ ನಿಮ್ ಪ್ರೊಫೆಸರ್ ಬರ್ತಾರಾ?"

ಮೊದಲ ಸ್ಕೂಟರಿನವನು ಕೆಂಪು ಬಟ್ಟೆ ನೋಡಿ, ರಸ್ತೆ ಬಂದ್ ಅಂದುಕೊಂಡು ಪಕ್ಕದ ಗಲ್ಲಿಗೆ ತಿರುಗಿಸಿದ. ಅವನ ಹಿಂದಿನವನೂ ತಿರುಗಿಸಿದ. ಅಂಕಲ್ಲಿಗೆ ಹುರುಪು ಬಂದು ಕೈ ತೋರಿಸೋಕೆ ಶುರುಮಾಡಿದರು. ಒಂದು ಮೀನಿನ ಲಾರಿ ಗಲ್ಲಿಗೆ ನುಗ್ಗಿತು. ಆ ಕಡೆಯಿಂದ ಬರ್ತಿದ್ದವರಿಗೆ ಜಾಗ ಸಾಲದೆ ಅವರು ಈ ಕಡೆ ಬಂದರು. ಅರ್ಧ ಗಂಟೆಯಲ್ಲಿ ಊರಿಗೆ ಊರೇ ಗಡಿಯಾರದ ಕಂಬವನ್ನ ಉಲ್ಟಾ ಸುತ್ತುತ್ತಿತ್ತು. ಯಾರೂ ಒಂದು ಮಾತು ಕೇಳಲಿಲ್ಲ. ಅಂಕಲ್ ಮುಖದಲ್ಲಿ ಆ ಗತ್ತು ಇತ್ತು.

ನಾನು ಬೆಂಚಿಗೆ ವಾಪಸ್ ಬಂದು ನೋಟ್‌ಬುಕ್ಕಿನಲ್ಲಿ ಆ ದಿನದ ಮೊದಲ ಸಾಲು ಬರೆದೆ: "ಈ ಊರಿನಲ್ಲಿ ವಾಹನಗಳು ಬಲದಿಂದ ಎಡಕ್ಕೆ ಸುತ್ತುತ್ತವೆ. ಕಾರಣ: ನಮ್ಮ ಅಂಕಲ್."

೫. ಖಾಲಿ ಡಬ್ಬ

ಟೀ ಅಂಗಡಿಯ ಮಲಾಯ್ ಹೆಂಗಸು ತುಂಬ ಒಳ್ಳೆಯವರು. ಕುರ್ಚಿ ಕೊಟ್ಟಿದ್ದಲ್ಲದೆ, ಇಷ್ಟು ದೂರದಿಂದ ಬಂದಿದ್ದೀರಿ ಅಂತ ಒಂದು ಡಬ್ಬದ ತುಂಬ ಬಿಸಿ ಬಾಳೆಹಣ್ಣಿನ ಬೋಂಡ ಕೊಟ್ಟರು. ಆಂಟಿ, ಮೊಟ್ಟೆ ಇದೆಯಾ, ಮೀನೆಣ್ಣೆ ಇದೆಯಾ, ಅಂತ ಎಲ್ಲ ವಿಚಾರಿಸಿಕೊಂಡು ಆಮೇಲೆ ಹಂಚಿದರು. ಪಕ್ಕದ ದಿನಸಿ ಅಂಗಡಿಯ ತಮಿಳು ಅಮ್ಮ ಮಧ್ಯೆ ನಿಂತು ಮಾತು ದಾಟಿಸ್ತಿದ್ದರು. ಆಂಟಿಗೆ ತಮಿಳು ನೀರು ಕುಡಿದ ಹಾಗೆ, ನನಗೆ ಒಂದಕ್ಷರ ಬರಲ್ಲ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ನಮ್ಮಲ್ಲಿ ಯಾರದ್ದಾದರೂ ಡಬ್ಬ ಖಾಲಿ ವಾಪಸ್ ಕೊಡೋ ಪದ್ಧತಿ ಉಂಟಾ? ಆಂಟಿ ಆ ಡಬ್ಬ ತೊಳೆದು, ಪುಳಿಯೋಗರೆ ತುಂಬಿ ಕೊಟ್ಟರು. ಐದು ನಿಮಿಷಕ್ಕೆ ಅದೇ ಡಬ್ಬ ಗೆಣಸಿನ ಸಿಹಿ ತುಂಬಿಕೊಂಡು ವಾಪಸ್ ಬಂತು. ಅವರಲ್ಲೂ ಖಾಲಿ ಕೊಡಲ್ಲವಂತೆ. ಆಂಟಿ ಕಣ್ಣಲ್ಲಿ ಒಂದು ಮಿಂಚು ಬಂತು. ಆ ಮಿಂಚು ನನಗೆ ಗೊತ್ತು.

ಚಪಾತಿ ಪಲ್ಯ ಹೋಯ್ತು. ತೆಂಗಿನಕಾಯಿ ತುಂಬಿದ ಕಡುಬಿನಂಥದ್ದು ಬಂತು. ಕೋಡುಬಳೆ ಹೋಯ್ತು. ಹಲಸಿನ ತೊಳೆ ಬಂತು. ದಿನಸಿ ಅಂಗಡಿಯ ಅಮ್ಮ ನಾನೇನು ಕಮ್ಮಿ ಅಂತ ಒಂದು ಪಾತ್ರೆ ಕಡಲೆಕಾಳಿನ ಸುಂಡಲ್ ತಂದರು, ಆ ಪಾತ್ರೆಗೆ ಮೊಸರನ್ನ ಬಿತ್ತು. ಹಣ್ಣಿನ ಅಂಗಡಿಯವನು ಸುಮ್ಮನೆ ನೋಡ್ತಿದ್ದವನು, ಬುಟ್ಟಿ ಹಿಡಿದು ಸಾಲಿಗೆ ಸೇರಿಕೊಂಡ. ನಾನು ನಡುವೆ ನಿಂತು, "ಆಂಟಿ, ಒಂದು ಡಬ್ಬ ಖಾಲಿ ಕೊಟ್ಟುಬಿಡಿ, ಎಲ್ಲ ನಿಲ್ಲುತ್ತೆ" ಅಂತ ಬೇಡಿಕೊಂಡೆ. ಆಂಟಿ ನನ್ನನ್ನ ಹೇಗೆ ನೋಡಿದರು ಅಂದರೆ, ಇವಳ ತಾಯಿಗೆ ಫೋನ್ ಮಾಡಬೇಕು ಅನ್ನೋ ಹಾಗೆ.

ನಾಲ್ಕು ಗಂಟೆ ಹೊತ್ತಿಗೆ ಟೀ ಅಂಗಡಿಯಲ್ಲಿ ಮಾರೋಕೆ ಏನೂ ಉಳಿಯಲಿಲ್ಲ. ಆ ಯಮ್ಮ ಬಾಗಿಲು ಅರ್ಧ ಎಳೆದು, ನಮ್ಮ ಜೊತೆ ಮರದ ಕೆಳಗೆ ಕೂತು ಊಟ ಮಾಡ್ತಿದ್ದರು. ದಿನಾ ಅದೇ ಹೊತ್ತಿಗೆ ಟೀ ಕುಡಿಯೋಕೆ ಬರೋ ಒಬ್ಬ ಮನುಷ್ಯ ಬಂದ. ಅರ್ಧ ಮುಚ್ಚಿದ ಬಾಗಿಲು ನೋಡಿದ, ನಮ್ಮನ್ನ ನೋಡಿದ. ಕಲ್ಲಾಂಗ್ ಆಂಟಿ ಅವನ ಕೈಗೆ ಒಂದು ತಟ್ಟೆ ಮೊಸರನ್ನ ಕೊಟ್ಟರು. ಪಾಪ, ಆ ಮನುಷ್ಯ ಅದನ್ನ ಕೈಯಲ್ಲಿ ಹಿಡಿದು ತುಂಬ ಹೊತ್ತು ನಿಂತಿದ್ದ. ಒಂದು ತುತ್ತು ತಿಂದ. ಆಮೇಲೆ ಊರಿನ ಇಷ್ಟು ವರ್ಷದ ಟೀ ಹೊತ್ತನ್ನ ನಾವು ಹಾಳುಮಾಡಿದೆವಲ್ಲ ಅಂತ ನಾನು ಸಂಕಟಪಡ್ತಿರುವಾಗಲೇ, ಬೆರಳು ನೆಕ್ಕಿ ತೋರಿಸಿ, ಉಪ್ಪಿನಕಾಯಿ ಇನ್ನೊಂದು ಸ್ವಲ್ಪ ಹಾಕಿ ಅಂತ ಸನ್ನೆ ಮಾಡಿದ.

೬. ಹೊರಟ್ವಿ, ಹೊರಟ್ವಿ

ಆರು ಗಂಟೆಗೆ ಹೊರಡಬೇಕು ಅಂತ ಡ್ರೈವರ್ ಹೇಳಿದ್ದ. ಆರಕ್ಕೆ ಆಂಟಿ, "ಬರ್ತೀವಿ ಹಾಗಾದ್ರೆ" ಅಂದರು. ನಮ್ಮವರು ಬರ್ತೀವಿ ಅಂದರೆ ಅದು ಮಾತು ಮುಗಿಸೋದಲ್ಲ, ಮಾತಿನ ಎರಡನೇ ಭಾಗ ಶುರುಮಾಡೋದು. ಅಂಗಡಿ ಬಾಗಿಲಲ್ಲಿ ಒಂದಿಷ್ಟು ಮಾತಾಯ್ತು. ಮರದ ಕೆಳಗೆ ಒಂದಿಷ್ಟು. ವ್ಯಾನಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಇನ್ನೊಂದಿಷ್ಟು. ಕುಂಕುಮ ಕೊಡೋದು ಬಾಕಿ ಇದೆ ಅಂತ ಮತ್ತೆ ಇಳಿದರು. ನನ್ನ ಬೆಂಚಿನ ಮೇಲೆ ಕೊನೆಗೊಂದು ಹತ್ತು ನಿಮಿಷವಾದರೂ ಕೂರೋಣ ಅಂತ ಹೋದರೆ ಅಲ್ಲಿ ಖಾಲಿ ಪಾತ್ರೆಗಳನ್ನ ಒಣಗೋಕೆ ಬೋರಲು ಹಾಕಿದ್ದರು.

ನನ್ನ ನೋಟ್‌ಬುಕ್ಕಿನಲ್ಲಿ ಮೂರು ಸಾಲು ಇತ್ತು. ಒಂದು ಅಂಕಲ್ಲಿದು, ಒಂದು ಟಾಯ್ಲೆಟ್ಟಿದು. ಮೂರನೆಯದರ ಮೇಲೆ ಕಲ್ಲಾಂಗ್ ಆಂಟಿ ಮಗಳು ಬೆಕ್ಕಿನ ಚಿತ್ರ ಬರೆದಿದ್ದಳು. ಅಳು ಬಂತು. ಯಾರಿಗೂ ಕಾಣದ ಹಾಗೆ ಕಿಟಕಿ ಕಡೆ ಮುಖ ಮಾಡಿಕೊಂಡು ಕೂತೆ.

ಏಳೂ ಕಾಲಿಗೆ ವ್ಯಾನು ಹೊರಟಿತು. ಅರ್ಧ ಊರು ನಿಂತು ಕೈ ಬೀಸಿತು. ಹೊರಡೋ ಹೊತ್ತು ಹೇಳಿದ್ದು ಬಿಟ್ಟರೆ ಇಡೀ ದಿನ ತುಟಿ ಬಿಚ್ಚದ ಡ್ರೈವರ್ ಕನ್ನಡಿಯಲ್ಲಿ ನನ್ನನ್ನ ನೋಡಿ ಮೆಲ್ಲಗೆ ಕೇಳಿದ: "ಮದುವೆ ಯಾರದು?"

೭. ವ್ಯಕ್ತಿ ಹನ್ನೊಂದು

ಗುರುವಾರ ಕ್ಲಾಸಿನಲ್ಲಿ ಎಲ್ಲರೂ ತಾವು ನೋಡಿದ ಊರಿನ ಬಗ್ಗೆ ಮಾತಾಡಬೇಕಿತ್ತು. ನಾನು ರಾತ್ರಿಯಿಡೀ ಮೂರು ಸಾಲನ್ನ ಹಿಗ್ಗಿಸಿ ಹಿಗ್ಗಿಸಿ ಅರ್ಧ ಪುಟ ಮಾಡಿದ್ದೆ.

ನನಗಿಂತ ಮೊದಲು ಒಬ್ಬಳು ಸಿಂಗಪುರದ ಚೀನೀ ಹುಡುಗಿ. ತುಂಬ ಮೆದು, ಒಂದು ವರ್ಷದಲ್ಲಿ ನನಗೆ ಹಾಯ್ ಬಿಟ್ಟು ಬೇರೇನೂ ಅಂದವಳಲ್ಲ. ಮೊದಲನೇ ಸ್ಲೈಡ್ ಹಾಕಿದಳು. ಗಡಿಯಾರದ ಕಂಬ.

ನಾನು ಕುರ್ಚಿಯಲ್ಲಿ ಮೆಲ್ಲಗೆ ಕೆಳಗೆ ಜಾರಿದೆ.

ಅವಳು ಅದೇ ಶನಿವಾರ, ಬೆಳಗ್ಗೆ ಹತ್ತು ಗಂಟೆಯಿಂದ, ಚೌಕದ ಎದುರಿನ ಹಳೇ ಕಾಫಿ ಅಂಗಡಿಯ ಮಹಡಿ ಕಿಟಕಿಯಲ್ಲಿ ಒಬ್ಬಳೇ ಕೂತಿದ್ದಳಂತೆ. ಊರಿನ ಒಂದು ನರಪಿಳ್ಳೆಗೂ ಗೊತ್ತಾಗದ ಹಾಗೆ. ಬೆಳಗಿನ ವ್ಯಾಪಾರ, ನೆರಳು, ಟೀ ಅಂಗಡಿ, ಎಲ್ಲ ಹೇಳಿ ಕೊನೆಗೆ, "ಒಂದೂವರೆಗೆ ಹನ್ನೊಂದು ಜನರ ಒಂದು ಗುಂಪು ಚೌಕಕ್ಕೆ ಬರುತ್ತದೆ" ಅಂದಳು. ಫೋಟೋ ಹಾಕಿದಳು. ಎಲ್ಲರ ಮುಖವನ್ನೂ ಮಸುಕು ಮಾಡಿದ್ದಳು.

"ವ್ಯಕ್ತಿ ಒಂದು, ಗುಂಪಿನ ಒಡತಿ. ಎಲ್ಲರೂ ಇವರ ಮಾತು ಕೇಳುತ್ತಾರೆ. ಸ್ವಲ್ಪ ಹೊತ್ತಿನ ನಂತರ ಊರೂ ಕೇಳುತ್ತದೆ. ವ್ಯಕ್ತಿ ಎರಡು, ಬಹುಶಃ ಸರ್ಕಾರದ ಸಂಚಾರಿ ಅಧಿಕಾರಿ." ಪ್ರೊಫೆಸರ್ ಮುಂದಕ್ಕೆ ಬಾಗಿ ಕೂತರು. ಆಮೇಲಿನ ಸ್ಲೈಡಿನಲ್ಲಿ ಹಳದಿ ಕುರ್ತಾ ಹಾಕಿದ್ದ ಒಬ್ಬಳು ಎರಡೂ ಕೈ ಮೇಲೆತ್ತಿ ನಿಂತಿದ್ದಳು.

"ವ್ಯಕ್ತಿ ಹನ್ನೊಂದು, ಟೂರ್ ಗೈಡ್. ಕೆಲಸಕ್ಕೆ ಹೊಸಬಳು. ಊರಿನ ಬಗ್ಗೆ ಇವಳಿಗೆ ಏನೂ ಗೊತ್ತಿಲ್ಲ, ಟಾಯ್ಲೆಟ್ ಮಾತ್ರ ತೋರಿಸುತ್ತಾಳೆ. ಇವಳ ಮಾತನ್ನು ಯಾರೂ ಕೇಳುವುದಿಲ್ಲ. ಆಗಾಗ ಬೆಂಚಿನ ಮೇಲೆ ಕೂತು ಏನೋ ಬರೆಯಲು ಪ್ರಯತ್ನಿಸುತ್ತಾಳೆ. ರಾಜೀನಾಮೆ ಪತ್ರ ಇರಬಹುದು."

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಆಮೇಲೆ ಒಬ್ಬೊಬ್ಬರಾಗಿ ನನ್ನ ಕಡೆ ತಿರುಗಿದರು. ಆ ದಿನವೂ ನಾನು ಅದೇ ಹಳದಿ ಕುರ್ತಾ ಹಾಕಿಕೊಂಡು ಹೋಗಿದ್ದೆ.

ಪ್ರೊಫೆಸರ್ ಕಣ್ಣು ಒರೆಸಿಕೊಂಡು ಅವಳಿಗೆ ಚಪ್ಪಾಳೆ ತಟ್ಟಿದರು. ನನ್ನ ಸರದಿ ಬಂತು. "ನಿನ್ನ ಊರು ಯಾವುದು?" ಅಂದರು. ಹೇಳಿದೆ. ನನ್ನ ಅರ್ಧ ಪುಟ ಓದಿದರು, ಕನ್ನಡಕ ತೆಗೆದರು, ಹಾಕಿಕೊಂಡು ಇನ್ನೊಮ್ಮೆ ಓದಿದರು. ಬೈದಿದ್ದರೆ ಚೆನ್ನಾಗಿತ್ತು. ಮೆಲ್ಲಗೆ, "ಈ ಶನಿವಾರ ಮತ್ತೆ ಅಲ್ಲಿಗೇ ಹೋಗು. ಒಬ್ಬಳೇ. ಸೋಮವಾರ ರಿಪೋರ್ಟ್ ಕೊಡು. ಇದಾದ ಮೇಲೆ ನನ್ನ ಕೈಯಲ್ಲಿ ಏನೂ ಇಲ್ಲ" ಅಂದರು.

ಹೊರಗೆ ಬಂದು ಆ ಹುಡುಗಿಯನ್ನ ಹಿಡಿದುಕೊಂಡೆ. "ಅಲ್ಲೇ ಇದ್ದೆಯಲ್ಲ, ಒಂದು ಸಲ ನನ್ನ ಮಾತಾಡಿಸಬಾರದಿತ್ತಾ?"

"ಕ್ಯಾನಾಟ್ ಲಾ. ನಾವು ನೋಡೋರನ್ನ ಡಿಸ್ಟರ್ಬ್ ಮಾಡಬಾರದು ಅಂತ ರೂಲ್ ಅಲ್ವಾ?" ಅಂದಳು. ಆಮೇಲೆ ಆ ಕಡೆ ಈ ಕಡೆ ನೋಡಿ, ದನಿ ಇಳಿಸಿದಳು. "ಸ್ಟೂಡೆಂಟ್ ವೀಸಾದಲ್ಲಿದ್ದು ಕದ್ದು ಪಾರ್ಟ್‌ಟೈಮ್ ಗೈಡ್ ಕೆಲಸ ಮಾಡ್ತಿದ್ದೀಯ, ನಿನಗೆ ತೊಂದರೆ ಆಗಬಾರದು ಅಂತ ಮುಖ ಮಸುಕು ಮಾಡಿದೆ. ಯಾರಿಗೂ ಹೇಳಲ್ಲ. ಬಟ್ ಡೋಂಟ್ ಮೈಂಡ್ ಆ, ಆ ಕೆಲಸ ನಿನಗೆ ಒಗ್ಗಲ್ಲ."

೮. ಶನಿವಾರ ಮತ್ತೆ

ಮನೆಗೆ ಬಂದು ಅಡುಗೆಮನೆ ಕಟ್ಟೆ ಹತ್ತಿರ ನಿಂತು ಅತ್ತುಬಿಟ್ಟೆ. ಸುಳ್ಳು ಯಾಕೆ ಹೇಳಲಿ, ಗೊಳೋ ಅಂತ ಅತ್ತೆ. ಆಂಟಿ ಗಾಬರಿಯಾಗಿ ಗ್ಯಾಸ್ ಆರಿಸಿ ಪಕ್ಕಕ್ಕೆ ಬಂದರು. ಎಲ್ಲ ಹೇಳಿದೆ. ನಿಮ್ಮಿಂದಲೇ ಆಗಿದ್ದು ಅಂತ ಬಾಯಿ ತುದಿಗೆ ಬಂದಿತ್ತು. ಅವರ ಮುಖ ನೋಡಿ ನುಂಗಿಕೊಂಡೆ.

"ಆ ಹುಡುಗಿ ಅಂಥದ್ದೇನು ಬರೆದಿದ್ಲು?" ಅಂತ ಕೇಳಿದರು.

"ಎಷ್ಟೊಂದು ನೋಡಿದ್ದಾಳೆ ಆಂಟಿ. ಮೂರು ಗಂಟೆಗೆ ಟೀ ಅಂಗಡಿಯವರು ಕಾಲು ಗಂಟೆ ಅಂಗಡಿ ಹಾಗೇ ಬಿಟ್ಟು ಹೋಗ್ತಾರಂತೆ, ವಿಶ್ರಾಂತಿಗೆ. ಅದನ್ನೂ ಬರೆದಿದ್ದಾಳೆ."

"ವಿಶ್ರಾಂತಿ ಎಲ್ಲಿ ಬಂತು ಅವಳಿಗೆ? ತಾಯಿ ಹಾಸಿಗೆ ಹಿಡಿದಿದ್ದಾರೆ, ಅಂಗಡಿ ಹಿಂದೇನೇ ಮನೆ. ಹೋಗಿ ಮಗ್ಗುಲು ತಿರುಗಿಸಿ, ನೀರು ಕುಡಿಸಿ ಬರ್ತಾಳೆ. ಅಷ್ಟು ಹೊತ್ತು ದಿನಸಿ ಅಂಗಡಿಯಮ್ಮ ಇವಳ ಅಂಗಡಿ ನೋಡ್ಕೋತಾರೆ. ಇಬ್ಬರಿಗೂ ಮೊದಲು ಮಾತೇ ಇರ್ಲಿಲ್ಲವಂತೆ, ಆ ತಾಯಿ ಬಿದ್ದ ಮೇಲೆ ಸರಿಹೋಗಿದ್ದು."

ನಾನು ಕಣ್ಣು ಒರೆಸಿಕೊಂಡೆ. "ಆ ಬೆಂಚಿನ ಮೇಲೆ ಮಧ್ಯಾಹ್ನ ಊರಿನವರು ಯಾರೂ ಕೂರಲ್ಲವಂತೆ, ಬಿಸಿಲಿಗೆ."

"ಮರದ ಕೆಳಗೆ ಎಲ್ಲಿಂದ ಬಂತೇ ಬಿಸಿಲು? ಅಲ್ಲಿ ಒಬ್ಬರು ಮುದುಕರಿದ್ದಾರೆ, ಕ್ಷೌರದಂಗಡಿಯವರು. ಹೆಂಡತಿ ತೀರಿಕೊಂಡಾಗ ಆ ಬೆಂಚು ಕಟ್ಟಿಸಿದ್ದು. ಮಧ್ಯಾಹ್ನ ಅಂಗಡಿ ಮುಚ್ಚಿ ಬಂದು, ನಾಲ್ಕು ಗಂಟೆ ತನಕ ಒಬ್ಬರೇ ಕೂತಿರ್ತಾರೆ. ಅದಕ್ಕೇ ಊರಿನವರು ಆ ಹೊತ್ತಲ್ಲಿ ಖಾಲಿ ಬಿಡೋದು."

"ಆಂಟಿ, ಆ ಹೊತ್ತಲ್ಲಿ ಅಲ್ಲಿ ಕೂತಿದ್ದು ನಾನು."

"ಹೂಂ. ಪಾಪ, ಮೂರು ಸಲ ಬಂದು ನಿನ್ನ ನೋಡಿ ನೋಡಿ ವಾಪಸ್ ಹೋದ್ರು. ಆಮೇಲೆ ನಾನೇ ಕರೆದು ಆಚೆ ಪಕ್ಕ ಒಂದು ಕುರ್ಚಿ ಹಾಕಿ ಕೂರಿಸಿದೆ. ಪುಳಿಯೋಗರೆ ತಿಂದ್ರು."

"ಮೂರು ಸಲ ಬಂದಿದ್ರಾ? ನಾನು ನೋಡ್ಲೇ ಇಲ್ಲ!"

"ನೀನೆಲ್ಲಿ ನೋಡ್ತೀಯ, ತಲೆ ಬಗ್ಗಿಸಿ ಬರೀತಿದ್ಯಲ್ಲ."

ಒಂದು ವರ್ಷ ಊರು ನೋಡೋದು ಹೇಗೆ ಅಂತ ಓದಿದವಳು ನಾನು. ಮರದ ಕೆಳಗೆ ಒಬ್ಬ ಮುದುಕರ ಜಾಗ ಕಿತ್ತುಕೊಂಡು ಕೂತು, ಅವರನ್ನೇ ನೋಡದೆ, ಎದ್ದು ಬಂದಿದ್ದೆ. ಪ್ರೊಫೆಸರ್ ಕೆಂಪು ಶಾಯಿಯಲ್ಲಿ ಕೇಳಿದ್ದು ಇದನ್ನೇ. ನಾಚಿಕೆಯಿಂದ ಸಾಯೋ ಹಾಗಾಯ್ತು.

"ಈ ಶನಿವಾರ ಮತ್ತೆ ಹೋಗ್ಬೇಕಂತೆ ಆಂಟಿ" ಅಂದೆ.

ಆಂಟಿ ಕೈ ಫೋನಿನ ಕಡೆ ಹೋಯ್ತು. ನಾನು ನಿಜವಾಗಲೂ ಎರಡೂ ಕೈ ಮುಗಿದೆ. "ಆಂಟಿ, ನಿಮ್ಮ ಕಾಲಿಗೆ ಬೀಳ್ತೀನಿ. ವ್ಯಾನ್ ಬೇಡ, ಯಾರೂ ಬೇಡ. ಈ ಸಲ ಫೇಲ್ ಆದ್ರೆ ನನ್ನ ಊರಿಗೆ ಕಳಿಸ್ತಾರೆ. ಒಬ್ಬರೇ ಹೋಗ್ಬೇಕು ಅಂತ ರೂಲು."

ಆಂಟಿ ಫೋನ್ ಕೆಳಗಿಟ್ಟರು. ನನ್ನ ತಲೆ ಸವರಿ, ಇಷ್ಟು ದಿನದಲ್ಲಿ ಮೊದಲ ಸಲ ನನ್ನ ಮಾತು ಪೂರ್ತಿ ಒಪ್ಪಿಕೊಂಡರು.

"ಸರಿ ಕಣೇ, ಅಳಬೇಡ. ರೂಲು ಅಂದ್ರೆ ರೂಲು, ಯಾರನ್ನೂ ಕರೆಯಲ್ಲ. ನಾನೊಬ್ಬಳೇ ಹೋಗಿ ನೋಡ್ಕೊಂಡು ಬರ್ತೀನಿ. ನೀನು ಮನೇಲಿರು, ನೀನಿದ್ರೆ ಕೆಲಸ ಆಗಲ್ಲ."